ಸ್ಯಾಫ್ ಅಂಡರ್-17 ಕಪ್ ಏಳನೇ ಸಲ ನಮ್ಮದಾಯ್ತು, ದಾವಣಗೆರೆ-ದುರ್ಗದ ಹುಡುಗರು ಆ ಜರ್ಸಿ ಹಾಕೋದು ಯಾವಾಗ?

ಹೈಸ್ಕೂಲ್ ಫೀಲ್ಡ್ ಅಪ್ಪ
ಎಲ್ಲರಿಗೂ ನಮಸ್ಕಾರ. ಮಗ ಒಂಬತ್ತನೇ ಕ್ಲಾಸು. ಎಡಗಾಲಿನವನು, ವಿಂಗ್‌ನಲ್ಲಿ ಆಡ್ತಾನೆ. ಕತ್ತಲಾದ್ರೂ ಫೀಲ್ಡ್ ಬಿಟ್ಟು ಬರಲ್ಲ, ಹೋಗಿ ಕರ್ಕೊಂಡು ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೊಲಂಬೋದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಫುಟ್ಬಾಲ್) 17 ವರ್ಷದೊಳಗಿನವರ ಫೈನಲ್ ನಡೀತಲ್ಲ, ಅವನೂ ಅವನ ಗೆಳೆಯರೂ ನಮ್ಮನೇಲೇ ಕೂತು ನೋಡಿದ್ರು. ಇಂಜುರಿ ಟೈಮ್‌ನಲ್ಲಿ ಬಾಂಗ್ಲಾದೇಶ 2-2 ಮಾಡಿದಾಗ ಒಬ್ಬನ ಬಾಯಲ್ಲೂ ಮಾತಿಲ್ಲ. ಪೆನಾಲ್ಟಿಯಲ್ಲಿ 4-1 ಗೆದ್ದಾಗ ಕೆಳಗಿನ ಮನೆಯವರು ಏನಾಯ್ತು ಅಂತ ಮೇಲೆ ಬಂದ್ರು. ಮೊನ್ನೆ ನವೆಂಬರ್ 30ಕ್ಕೆ ಅಹಮದಾಬಾದ್‌ನಲ್ಲಿ ಇರಾನ್‌ನ 2-1ರಲ್ಲಿ ಸೋಲಿಸಿ ಏಷ್ಯನ್ ಕಪ್‌ಗೂ ಹೋದ್ರು.

ಈಗ ಮಗ ಕೇಳ್ತಿದ್ದಾನೆ, ಈ ಟೀಮ್‌ಗೆ ಸೇರೋಕೆ ಏನು ಮಾಡಬೇಕು ಅಂತ. ನನ್ನ ಹತ್ರ ಉತ್ತರ ಇಲ್ಲ. ಪಟ್ಟಿ ನೋಡಿದ್ರೆ ಮಣಿಪುರದ ಹೆಸರೇ ಹೆಚ್ಚು. ನಮ್ಮ ಕಡೆಯಿಂದ ದಾರಿ ಅಂತ ಒಂದಿದೆಯಾ? ಹೊರಗೆ ಅಕಾಡೆಮಿಗೆ ಹಾಕ್ಬೇಕಾ? ಹುಟ್ಟಿದ್ದು 2011ರ ಡಿಸೆಂಬರ್. ತಿಳಿದವರು ಹೇಳಿ.

ಕೋಟೆ ಮಗ್ಗುಲು
ಕ್ರಿಕೆಟ್‌ಗೆ ಹಾಕ್ರಿ ಸಾರ್. ನಮ್ಮ ಕಡೆ ಫುಟ್ಬಾಲ್‌ಗೆ ಭವಿಷ್ಯ ಇಲ್ಲ.

ಹರಿಹರ ಹಾಫ್‌ಬ್ಯಾಕ್
ಯಾಕ್ರೀ ಇಲ್ಲ? ವಿನಯ್ ಕುಮಾರ್ ದಾವಣಗೆರೆಯಿಂದಲೇ ಹೋಗಿ ಇಂಡಿಯಾಕ್ಕೆ ಬೌಲಿಂಗ್ ಮಾಡ್ಲಿಲ್ವಾ? ಕ್ರಿಕೆಟ್‌ನಲ್ಲಿ ವಲಯ ಅಂತ ಇದೆ, ಆ ವಲಯದಲ್ಲಿ ಲೀಗ್ ಇದೆ, ಲೀಗ್‌ನಲ್ಲಿ ಆಡಿದವನ ಸ್ಕೋರು ಪುಸ್ತಕದಲ್ಲಿ ಉಳಿಯುತ್ತೆ, ಅದನ್ನ ಯಾರಾದ್ರೂ ನೋಡ್ತಾರೆ. ಫುಟ್ಬಾಲ್‌ನಲ್ಲಿ ನಮ್ಮ ಜಿಲ್ಲೆಗಳಲ್ಲಿ ಇಲ್ಲದ್ದು ಅದೊಂದೇ. ಪ್ರತಿಭೆಗೇನೂ ಬರ ಇಲ್ಲ.

ನಿವೃತ್ತ ಪಿಟಿ ಮೇಷ್ಟ್ರು
ಹರಿಹರದವರು ಹೇಳಿದ ಮಾತನ್ನೇ ನಾನು ಸ್ವಲ್ಪ ಬಿಡಿಸಿ ಹೇಳ್ತೀನಿ. ಸರ್ವೀಸ್ ಪೂರ್ತಿ ಈ ಎರಡು ಜಿಲ್ಲೆಗಳಲ್ಲೇ ಕಳೆದವನು ನಾನು.

ಶಾಲಾ ಹುಡುಗನಿಗೆ ಇರೋ ದೊಡ್ಡ ದಾರಿ ಅಂದ್ರೆ ಸುಬ್ರತೋ ಕಪ್. 1960ರಿಂದ ನಡೀತಿದೆ, ವಾಯುಪಡೆಯವರು ನಡೆಸೋದು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ದೆಹಲಿ. ಕೇಳೋಕೆ ಚೆನ್ನಾಗಿದೆ. ಆದ್ರೆ ಕೆಳಗಿನ ಹಂತದಲ್ಲಿ ಎಲ್ಲಾ ನಾಕೌಟ್. ಬೆಳಿಗ್ಗೆ ಒಂಬತ್ತೂವರೆಗೆ ಆಡಿ ಸೋತ್ರೆ ಹತ್ತೂವರೆಗೆ ಬಸ್ ಹತ್ತೋದು, ಮುಂದಿನ ಮ್ಯಾಚ್ ಮುಂದಿನ ವರ್ಷ. ಗೆದ್ದು ವಿಭಾಗಕ್ಕೆ ಬಂದ್ರೆ ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ವಿಭಾಗದಲ್ಲಿವೆ. ವರ್ಷವಿಡೀ ಟರ್ಫ್ ಮೇಲೆ ಲೀಗ್ ಆಡಿದ ಬೆಂಗಳೂರಿನ ಹುಡುಗರ ಎದುರು ನಮ್ಮವರು ನಿಲ್ಲಬೇಕು. ಅರ್ಧ ಗಂಟೆ ಸರಿಸಮ ಆಡ್ತಾರೆ, ಓಟದಲ್ಲಿ ಕಡಿಮೆ ಇಲ್ಲ. ಆಮೇಲೆ ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಬರಬೇಕು ಅನ್ನೋದು ತಪ್ಪುತ್ತೆ. ಅದನ್ನ ನಾನು ಬೋರ್ಡ್ ಮೇಲೆ ಬರೆದು ಕಲಿಸೋಕೆ ಆಗಲ್ಲ. ಮ್ಯಾಚ್ ಆಡಿ ಆಡಿಯೇ ಬರಬೇಕು.

ಇನ್ನು ಮೈದಾನ. ನಾನಿದ್ದ ಒಂದೂರಲ್ಲಿ ಫುಟ್ಬಾಲ್ ಗ್ರೌಂಡೇ ಸಭೆ, ಸಮಾರಂಭ, ವಸ್ತುಪ್ರದರ್ಶನ ಎಲ್ಲದಕ್ಕೂ. ಪೆಂಡಾಲ್ ಬಿಚ್ಚಿದ ಮಾರನೇ ದಿನ ಹುಡುಗರನ್ನ ಸಾಲಾಗಿ ನಿಲ್ಲಿಸಿ ಆ ತುದಿಯಿಂದ ಈ ತುದಿಗೆ ನಡೆಸ್ತಿದ್ದೆ. ಮೊಳೆ, ತಂತಿ, ಒಡೆದ ಬಾಟ್ಲಿ ಆರಿಸಿ ಬಕೆಟ್‌ಗೆ. ಗೂಟ ಕಿತ್ತ ಗುಂಡಿಗಳು ಮೊಣಕಾಲುದ್ದ, ಅದಕ್ಕೆ ಮಣ್ಣು ತುಂಬಿ ನೀರು ಹಾಕಿ ತುಳಿದು ಗಟ್ಟಿ ಮಾಡೋದು. ಆಮೇಲೆ ಸುಣ್ಣದ ಪುಡಿಯಲ್ಲಿ ಗೆರೆ. ಒಂದು ಗುಂಡಿ ಕಣ್ತಪ್ಪಿ ಉಳಿದು ನನ್ನ ಸ್ಟಾಪರ್ ಹುಡುಗ ಪಾದ ತಿರುಚಿಕೊಂಡ, ಆ ವರ್ಷ ಅವನ ಆಟವೇ ಮುಗೀತು. ಇಂಥಲ್ಲಿಂದ ಹುಡುಗ ದೇಶದ ತಂಡಕ್ಕೆ ಹೋಗಬೇಕಾದ್ರೆ ಮೊದಲು ಅವನಿಗೆ ವಾರಕ್ಕೊಂದು ಮ್ಯಾಚ್ ಸಿಗಬೇಕು. ಸೆಲೆಕ್ಷನ್ ವಿಷಯ ಆಮೇಲೆ.

ವಿದ್ಯಾನಗರ ವಿಂಗರ್
ಮೇಷ್ಟ್ರೇ, ಒಂದೊಂದು ಅಕ್ಷರ ಸತ್ಯ. 🙏

ಆಫ್‌ಸೈಡ್ ನೋಡೋನು
ಸ್ವಲ್ಪ ಬೇರೆ ಮಾತು. ಸ್ಯಾಫ್ ಕಪ್‌ಗೆ ಇಷ್ಟು ಸಂಭ್ರಮ ಯಾಕೆ? ಇರೋದೇ ಏಳು ದೇಶ. ಭಾರತ, ಬಾಂಗ್ಲಾ, ನೇಪಾಳ, ಭೂತಾನ್, ಮಾಲ್ಡೀವ್ಸ್, ಶ್ರೀಲಂಕಾ, ಪಾಕಿಸ್ತಾನ. ಅಫ್ಘಾನಿಸ್ತಾನ ಇತ್ತು, 2015ರಲ್ಲಿ ಮಧ್ಯ ಏಷ್ಯಾ ಕಡೆ ಹೋಯ್ತು. 2019ರಲ್ಲಿ ಕಲ್ಯಾಣಿಯಲ್ಲಿ 15ರೊಳಗಿನವರ ಫೈನಲ್‌ನಲ್ಲಿ ನೇಪಾಳಕ್ಕೆ 7-0 ಹೊಡೆದ್ವಿ. ಏಳು ಗೋಲಿನ ಫೈನಲ್ಲಿಂದ ಯಾವ ಹುಡುಗ ಏನು ಕಲೀತಾನೆ? ನಮ್ಮ ಪರೀಕ್ಷೆ ಏಷ್ಯಾದಲ್ಲಿ.

ಬಾಡಾ ಕ್ರಾಸ್
@ಆಫ್‌ಸೈಡ್ ಅಷ್ಟು ಸಲೀಸಾಗಿ ತಳ್ಳಿಹಾಕ್ಬೇಡಿ. ಈ ಟೂರ್ನಿ ಶುರುವಾದ 2011ರಲ್ಲಿ ಕಠ್ಮಂಡುವಿನಲ್ಲಿ ಫೈನಲ್ ಸೋತಿದ್ದು ನಾವು, ಗೆದ್ದಿದ್ದು ಪಾಕಿಸ್ತಾನ. 2015ರಲ್ಲಿ ಸಿಲ್ಹೆಟ್‌ನಲ್ಲಿ ಬಾಂಗ್ಲಾ ಪೆನಾಲ್ಟಿಯಲ್ಲಿ ಗೆದ್ದಿತು. 2018ರಲ್ಲೂ ಬಾಂಗ್ಲಾ. ದೊಡ್ಡ ಹುಡುಗರ ಟೂರ್ನಿ ನೋಡಿದ್ರೆ ಮೊದಲ ಎರಡೂ ಸಲ, 2015 ಮತ್ತು 2017, ನೇಪಾಳದ್ದು. 2024ರ ಅಂಡರ್-20 ಫೈನಲ್‌ನಲ್ಲಿ ನಾವು ಇರಲೇ ಇಲ್ಲ, ನೇಪಾಳವನ್ನ ಬಾಂಗ್ಲಾ 4-1ರಲ್ಲಿ ಸೋಲಿಸ್ತು. 2025ರ ಮೇನಲ್ಲಿ ಅರುಣಾಚಲದ ಯುಪಿಯಾದಲ್ಲಿ ಅಂಡರ್-19 ಗೆದ್ದಿದ್ದೂ ಪೆನಾಲ್ಟಿಯಲ್ಲೇ. ಈ ಸಲದ 17ರ ಗುಂಪಿನಲ್ಲಿ ಪಾಕಿಸ್ತಾನದ ಎದುರು 3-2, ಭೂತಾನ್ ಎದುರು ಬರೀ 1-0. ಇದನ್ನ ಸಲೀಸು ಅಂತೀರಾ?

ಹದಿನಾರರ ಹುಡುಗ ಬೇರೆ ದೇಶದಲ್ಲಿ, ಎದುರಾಳಿಗೆ ಕೂಗೋ ಜನರ ಮುಂದೆ, ಎರಡು ವಾರದಲ್ಲಿ ಐದು ಮ್ಯಾಚ್ ಆಡ್ತಾನೆ. ಕೊನೇದರಲ್ಲಿ ಪೆನಾಲ್ಟಿ ಒದೀತಾನೆ. ಇರಾನ್ ಮ್ಯಾಚ್‌ನಲ್ಲಿ ಒಂದು ಗೋಲು ಹಿಂದೆ ಬಿದ್ದ ಮೇಲೂ ಹುಡುಗರು ಹೆದರಲಿಲ್ಲ. ಆ ಗಟ್ಟಿತನಕ್ಕೆ ಕೊಲಂಬೋ ಅಡಿಪಾಯ ಅಂತ ನಾನು ನಂಬ್ತೀನಿ.

ಆಫ್‌ಸೈಡ್ ನೋಡೋನು
ನಂಬಿಕೆ ನಿಮ್ಮದು, ಗೌರವಿಸ್ತೀನಿ. ಆದ್ರೂ ಇರಾನ್ ಇದ್ದ ಅದೇ ಗುಂಪಿನಲ್ಲಿ ಲೆಬನಾನ್ ಎದುರು ಸೋತಿದ್ವಿ, ಪ್ಯಾಲೆಸ್ತೀನ್ ಜೊತೆ ಡ್ರಾ. ಇರಾನ್ ಮೇಲೆ ಗೆಲ್ಲದೇ ಇದ್ದಿದ್ರೆ ಮನೆಗೆ.

ಬಾಡಾ ಕ್ರಾಸ್
ಗೆದ್ದರಲ್ಲ! ಅದನ್ನೇ ಹೇಳ್ತಿರೋದು.

ಚಳ್ಳಕೆರೆ ಸ್ಟಾಪರ್
2018 ನೆನಪಿದೆಯಾ ಯಾರಿಗಾದ್ರೂ? ಮಲೇಷ್ಯಾದಲ್ಲಿ ಏಷ್ಯಾದ 16ರ ಟೂರ್ನಿ. ಕೊಲಂಬೋದಲ್ಲಿ ಗೆದ್ದ ತಂಡದ ಬಿಬಿಯಾನೊ ಫರ್ನಾಂಡಿಸ್ ಅವರೇ ಆಗಲೂ ಕೋಚ್. ವಿಯೆಟ್ನಾಂ ಮೇಲೆ 1-0, ಇರಾನ್ ಜೊತೆ 0-0, ಇಂಡೋನೇಷ್ಯಾ ಜೊತೆ 0-0. ಗುಂಪಿನಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಇರಾನ್‌ನ ಪೆನಾಲ್ಟಿಯನ್ನ ಗೋಲ್‌ಕೀಪರ್ ನೀರಜ್ ಕುಮಾರ್ ತಡೆದ. ಕ್ವಾರ್ಟರ್ ಫೈನಲ್‌ನಲ್ಲಿ ಕೊರಿಯಾ ಎದುರು ಒಂದೇ ಗೋಲಿಗೆ ಸೋತ್ವಿ. ಆವತ್ತು ಗೆದ್ದಿದ್ರೆ 2019ರ 17ರ ವಿಶ್ವಕಪ್‌ಗೆ ಆಡಿ ಗೆದ್ದೇ ಹೋಗ್ತಿದ್ವಿ. 2017ರಲ್ಲಿ ಆಡಿದ್ದು ಆತಿಥೇಯರು ಅಂತ. ಈಗ ವಿಶ್ವಕಪ್‌ಗೆ 48 ತಂಡ, ಏಷ್ಯನ್ ಕಪ್‌ನ ಎಂಟರ ಘಟ್ಟಕ್ಕೆ ಬಂದ್ರೆ ಸಾಕು. 2026ರಲ್ಲಿ ಸೌದಿಯಲ್ಲಿ ಗುಂಪು ದಾಟಿದ್ರೆ ವಿಶ್ವಕಪ್ ಟಿಕೆಟ್. ಯೋಚನೆ ಮಾಡಿದ್ರೇನೇ ಮೈ ಜುಮ್ ಅನ್ನುತ್ತೆ.

ವಿದ್ಯಾನಗರ ವಿಂಗರ್
2017ರಲ್ಲಿ ಡೆಲ್ಲಿಯಲ್ಲಿ ಕೊಲಂಬಿಯಾ ಎದುರು ಜೀಕ್ಸನ್ ಸಿಂಗ್ ಹೊಡೆದ ಹೆಡರ್! ಭಾರತಕ್ಕೆ ಫಿಫಾ ವಿಶ್ವಕಪ್‌ನಲ್ಲಿ ಮೊದಲ ಗೋಲು. ಆ ಕಾರ್ನರ್ ಒದ್ದವನು ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ಇದನ್ನ ಎಷ್ಟು ಜನ ಕನ್ನಡಿಗರು ನೆನಪಿಟ್ಟುಕೊಂಡಿದ್ದಾರೆ?

ಹರಿಹರ ಹಾಫ್‌ಬ್ಯಾಕ್
ಅಲ್ಲೇ ಇದೆ ನೋಡಿ ವಿಷಯ. ಸ್ಟಾಲಿನ್ ಬೆಂಗಳೂರಿನವನಾದ್ರೂ ಬೆಳೆದಿದ್ದು ಚಂಡೀಗಢದ ಅಕಾಡೆಮಿಯಲ್ಲಿ. ಜೀಕ್ಸನ್ ಕೂಡ ಮಣಿಪುರ ಬಿಟ್ಟು ಚಂಡೀಗಢಕ್ಕೇ ಹೋದವನು. ಆ ತಂಡದ 21 ಜನರಲ್ಲಿ 8 ಮಂದಿ ಮಣಿಪುರದವರು. ಅಲ್ಲಿ ಊರೂರಿಗೂ ಕ್ಲಬ್ಬು, ಊರೂರಿಗೂ ಟೂರ್ನಿ, ಹುಡುಗ ಹತ್ತು ವರ್ಷಕ್ಕೇ ಜನರ ಮುಂದೆ ಆಡಿರ್ತಾನೆ. ಅದಕ್ಕೇ ಹೊರಗಿನ ಅಕಾಡೆಮಿಯವರು ಅಲ್ಲಿಗೆ ಹುಡುಕ್ಕೊಂಡು ಹೋಗ್ತಾರೆ. ನಮ್ಮ ಜಗಳೂರು, ಹೊಸದುರ್ಗಕ್ಕೆ ಯಾರು ಬರ್ತಾರೆ? ಬಂದ್ರೂ ನೋಡೋಕೆ ಮ್ಯಾಚ್ ಎಲ್ಲಿದೆ?

ಅಜ್ಜನ ಆಟದ ಮೊಮ್ಮಗ
ಕರ್ನಾಟಕದ ಫುಟ್ಬಾಲ್ ಅಷ್ಟು ಬಡವಾಗೂ ಇಲ್ಲ ಅಣ್ಣ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2 ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿದ್ದು ನಾವೇ. ಅದಕ್ಕೂ ಮುಂಚೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. 1968-69ರ ಮಾತು.

ಕೋಟೆ ಮಗ್ಗುಲು
ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅದನ್ನೂ ನೆನಪಿಟ್ಕೊಳ್ರಿ 😄

ಬಾಡಾ ಕ್ರಾಸ್
1997ಕ್ಕೆ ಬೇರೆ ಆದ್ವಿ, ಇನ್ನೂ ಬಿಡಲ್ಲ ನೀವು. ಬನ್ನಿ ಈ ಕಡೆ, ಬೆಣ್ಣೆ ದೋಸೆ ಕೊಡಿಸ್ತೀನಿ, ಅಲ್ಲೇ ಮಾತಾಡೋಣ.

ಗೋಲ್‌ಕೀಪರ್ ಅಕ್ಕ
ಇಷ್ಟೊತ್ತಾದ್ರೂ ಒಬ್ಬರೂ ಹೆಣ್ಣುಮಕ್ಕಳ ಹೆಸರು ಎತ್ತಲಿಲ್ಲ. 2025ರ ಆಗಸ್ಟ್‌ನಲ್ಲಿ ಥಿಂಪುವಿನಲ್ಲಿ ಸ್ಯಾಫ್ 17ರ ಮಹಿಳಾ ಕಪ್ಪನ್ನೂ ಭಾರತವೇ ಗೆದ್ದಿತು. ನಾನು ಪಿಯುಸಿವರೆಗೂ ಗೋಲ್‌ನಲ್ಲಿ ನಿಂತವಳು. ನಮ್ಮ ಕಾಲೇಜಿನಲ್ಲಿ ಹನ್ನೊಂದು ಹುಡುಗಿಯರು ಸೇರೋದೇ ಕಷ್ಟ, ಖೋಖೋ ಟೀಮಿನವರನ್ನ ಬೇಡಿ ಕರ್ಕೊಂಡು ಬರ್ತಿದ್ವಿ. ಅವರು ತಿರುಗೋ ವೇಗಕ್ಕೆ ಒಳ್ಳೇ ಡಿಫೆಂಡರ್ ಆಗ್ತಿದ್ರು ಅನ್ನೋದು ಬೇರೆ ಮಾತು. ಸುಬ್ರತೋದಲ್ಲಿ ಈಗ ಹುಡುಗಿಯರ ವಿಭಾಗವೂ ಇದೆ. ಮಗಳಿರೋ ಅಪ್ಪಂದಿರೂ ಈ ಪ್ರಶ್ನೆ ಕೇಳ್ಬೇಕು.

ಚಳ್ಳಕೆರೆ ಸ್ಟಾಪರ್
ಅಕ್ಕ ಹೇಳಿದ್ದು ನ್ಯಾಯ. ಹುಡುಗಿಯರ ಸ್ಯಾಫ್ ಅಂದ್ರೆ ನಂಗೆ ಆ ಟಾಸ್ ಫೈನಲ್ ನೆನಪಾಗುತ್ತೆ, ಢಾಕಾದ್ದು. ಟಾಸ್ ಬಾಂಗ್ಲಾ ಗೆದ್ದಿತ್ತಲ್ವಾ?

ಗೋಲ್‌ಕೀಪರ್ ಅಕ್ಕ
ಇಲ್ಲ, ಟಾಸ್ ಗೆದ್ದಿದ್ದು ಭಾರತ. 2024ರ ಫೆಬ್ರವರಿ 8, ಅಂಡರ್-19. ನಾವು ಬೇಗ ಗೋಲು ಹೊಡೆದ್ವಿ, ಅವರು ಇಂಜುರಿ ಟೈಮ್‌ನಲ್ಲಿ ಸಮ ಮಾಡಿದ್ರು. ಪೆನಾಲ್ಟಿಯಲ್ಲಿ ಎರಡೂ ಕಡೆಯ ಹನ್ನೊಂದಕ್ಕೆ ಹನ್ನೊಂದೂ ಗೋಲು! ಗೋಲ್‌ಕೀಪರ್‌ಗಳೂ ಒದ್ದು ಹಾಕಿದ್ರು. ಆಗ ಮ್ಯಾಚ್ ಕಮಿಷನರ್ ನಾಣ್ಯ ಚಿಮ್ಮಿಸಿ ಅಂದ್ರು. ನಾವು ಗೆದ್ದು ಕುಣಿದ್ವಿ, ಬಾಂಗ್ಲಾ ಹುಡುಗಿಯರು ಮೈದಾನ ಬಿಡಲಿಲ್ಲ, ಗ್ಯಾಲರಿಯಿಂದ ಕಲ್ಲು, ಬಾಟ್ಲಿ ಬಿದ್ದವು. ಕೊನೆಗೆ ಇಬ್ಬರೂ ಜಂಟಿ ಚಾಂಪಿಯನ್.

ಆಫ್‌ಸೈಡ್ ನೋಡೋನು
ನಿಯಮದ ಪ್ರಕಾರ ಬಾಂಗ್ಲಾ ಹುಡುಗಿಯರು ಕೇಳಿದ್ದೇ ಸರಿ. ಹನ್ನೊಂದು ಮುಗಿದ್ರೆ ಮತ್ತೆ ಮೊದಲಿನವರಿಂದ ಒದೆಯೋದು, ಒಬ್ಬರು ತಪ್ಪೋವರೆಗೂ. ನಾಣ್ಯ ಚಿಮ್ಮಿಸಿ ಗೆಲ್ಲೋ ಕಾಲ ಹೋಯ್ತು. 1968ರ ಯೂರೋ ಸೆಮಿಯಲ್ಲಿ ಇಟಲಿ ಸೋವಿಯತ್ ಮೇಲೆ ಹಾಗೆ ಗೆದ್ದಿತ್ತು. ಪೆನಾಲ್ಟಿ ಶೂಟೌಟ್ ಬಂದಿದ್ದೇ ಅಂಥ ಅನ್ಯಾಯ ತಪ್ಪಿಸೋಕೆ.

ಗೋಲ್‌ಕೀಪರ್ ಅಕ್ಕ
ಒಪ್ತೀನಿ. ಆ ಹುಡುಗಿಯರಿಗೆ ಮತ್ತೊಂದು ಸುತ್ತು ಒದೆಯೋಕೆ ಬಿಡಬೇಕಿತ್ತು, ಎರಡೂ ಕಡೆಯವರಿಗೆ.

ಲ್ಯಾಬ್ ಕೋಟು
ಮೂಲ ಪ್ರಶ್ನೆಗೆ ಬರ್ತೀನಿ. ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡೋದ್ರಿಂದ ವಯಸ್ಸಿನ ವಿಚಾರ ಸ್ವಲ್ಪ ಗೊತ್ತು, ತಂದೆ-ತಾಯಂದಿರು ತಿಳ್ಕೊಳ್ಳಲೇಬೇಕು.

ದೊಡ್ಡ ಮಟ್ಟದಲ್ಲಿ ಆಡೋ ಹುಡುಗರಿಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೀತಾರೆ. ಕೈಯ ಒಂದೊಂದು ಮೂಳೆಯ ಬೆಳವಣಿಗೆಗೂ ಅಂಕ ಕೊಟ್ಟು ಮೂಳೆಯ ವಯಸ್ಸು ಲೆಕ್ಕ ಹಾಕೋ ವಿಧಾನ ಅದು, ಟಿಡಬ್ಲ್ಯು3 ಅಂತಾರೆ. ಫಿಫಾ 2009ರ ನೈಜೀರಿಯಾದ 17ರ ವಿಶ್ವಕಪ್‌ನಿಂದ ಎಂಆರ್‌ಐ ತಂದಿದೆ. ಮುಂಗೈ ಮೂಳೆಯ ತುದಿಯಲ್ಲಿ ಬೆಳೆಯೋ ಭಾಗ ಮೂಳೆಗೆ ಪೂರ್ತಿ ಬೆಸೆದುಹೋಗಿದ್ರೆ ಹುಡುಗ 17 ದಾಟಿದ್ದಾನೆ ಅಂತ ತೆಗೆದುಕೊಂಡು ಹೊರಗಿಡ್ತಾರೆ. ಕಾಗದದಲ್ಲಿ ಏನೇ ಇರಲಿ.

ಈಗ ನಮ್ಮ ಕಡೆಯ ಸಮಸ್ಯೆ. ಹಳ್ಳಿ ಶಾಲೆಗಳ ದಾಖಲಾತಿ ಪುಸ್ತಕ ತೆಗೆದು ನೋಡಿ, ಅರ್ಧ ಕ್ಲಾಸಿನ ಹುಟ್ಟುಹಬ್ಬ ಜೂನ್ 1! ಸೇರಿಸೋಕೆ ಬಂದಾಗ ತಾಯಿಗೆ ದಿನಾಂಕ ನೆನಪಿಲ್ಲ, ಮೇಷ್ಟ್ರು ಬರೆದರು. ಆಧಾರ್‌ನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಆ ಹುಡುಗ ಕಳ್ಳನಲ್ಲ, ಯಾರೂ ಮೋಸ ಮಾಡಿಲ್ಲ, ಆದ್ರೂ ಕಾಗದ ಪರಿಶೀಲನೆಯಲ್ಲೇ ಹೊರಗೆ. ಜನನ ನೋಂದಣಿ ಒಂದು ವರ್ಷ ದಾಟಿ ಮಾಡಿಸೋದಾದ್ರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅದಕ್ಕೆ ತಿಂಗಳುಗಟ್ಟಲೆ ಓಡಾಟ. ಹತ್ತು ವರ್ಷದ ಮಗು ಆಟ ಶುರು ಮಾಡಿದಾಗಲೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ.

ನಿವೃತ್ತ ಪಿಟಿ ಮೇಷ್ಟ್ರು
ಈ ಜೂನ್ 1ರ ಮಾತು ಸಾವಿರ ಸಲ ಹೇಳಬೇಕಾದ್ದು. ಬೇಕಂತಲೇ ವಯಸ್ಸು ಇಳಿಸೋರೂ ಇದ್ದಾರೆ, ಅದನ್ನೂ ಹೇಳಬೇಕು. ತಾಲ್ಲೂಕು ಮಟ್ಟದಲ್ಲಿ ಮೀಸೆ ಬಂದ ಹುಡುಗ ಹದಿನಾಲ್ಕರ ಟೀಮಲ್ಲಿ ನಿಂತಿರ್ತಾನೆ. ಅವನ ಎದುರು ನಿಜವಾದ ಹದಿನಾಲ್ಕರ ಹುಡುಗ ಹೆದರಿ ಆಟವೇ ಬಿಡ್ತಾನೆ. ಕಪ್ ಗೆದ್ದ ಶಾಲೆಗೆ ಒಂದು ದಿನದ ಖುಷಿ, ಇಬ್ಬರು ಹುಡುಗರ ಬಾಳು ಹಾಳು.

ಹೈಸ್ಕೂಲ್ ಫೀಲ್ಡ್ ಅಪ್ಪ
ಎಲ್ಲರಿಗೂ ವಂದನೆ, ಎಲ್ಲ ಓದ್ತಿದ್ದೀನಿ. ಮಗನ ಕಾಗದ ಮೂರೂ ಒಂದೇ ಇವೆ. ಡಿಸೆಂಬರ್‌ನಲ್ಲಿ ಹುಟ್ಟಿದ್ದು ತೊಂದರೆ ಆಗುತ್ತಾ? ಯಾರೋ ಹಾಗೆ ಹೇಳಿದ್ರು.

ಬಾಡಾ ಕ್ರಾಸ್
ನಿಯಮದಲ್ಲಿ ತೊಂದರೆ ಇಲ್ಲ, ಮೈಕಟ್ಟಿನಲ್ಲಿ ಇದೆ. ಲೆಕ್ಕ ಜನವರಿ 1ರಿಂದ. 2026ರ ಏಷ್ಯನ್ ಕಪ್‌ಗೆ 2009ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು. ಹಾಗೆ ನೋಡಿದ್ರೆ ನಿಮ್ಮ ಹುಡುಗ 2028ರ ಗುಂಪು. ಅದೇ ಗುಂಪಿನಲ್ಲಿ 2011ರ ಜನವರಿಯವನೂ ಇರ್ತಾನೆ. ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು, ಆ ವಯಸ್ಸಿನಲ್ಲಿ ಅದು ನಾಲ್ಕು ಇಂಚು ಎತ್ತರ ಆಗಬಹುದು. ಪ್ರಪಂಚದ ಎಲ್ಲಾ ಕಡೆ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಟ್ರಯಲ್ಸ್‌ನಲ್ಲಿ ಹತ್ತು ನಿಮಿಷ ಆಡಿಸಿದ್ರೆ ಕಣ್ಣಿಗೆ ಬೀಳೋದು ಎತ್ತರದವನೇ. ಡಿಸೆಂಬರ್ ಹುಡುಗನಿಗೆ ತಾಳ್ಮೆ ಬೇಕು, ಅಪ್ಪನಿಗೆ ಇನ್ನೂ ಹೆಚ್ಚು. ಹದಿನೇಳಕ್ಕೆ ಸಿಗದಿದ್ರೆ ಹತ್ತೊಂಬತ್ತು, ಇಪ್ಪತ್ತರ ಟೂರ್ನಿ ಇದೆ. ಅಷ್ಟೊತ್ತಿಗೆ ಎತ್ತರ ಸರಿಸಮ ಆಗಿರುತ್ತೆ, ಕಾಲಿನ ಕೆಲಸ ಉಳಿದಿರುತ್ತೆ.

ಹಿರಿಯೂರು ಹೈವೇ
ಅಕಾಡೆಮಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನನ್ನ ಅಣ್ಣನ ಮಗನನ್ನ ದೊಡ್ಡ ಊರಿನ ಒಂದು ವಸತಿ ಅಕಾಡೆಮಿಗೆ ಹಾಕಿದ್ವಿ. ಹೆಸರು ಬೇಡ. ಗೋಡೆ ತುಂಬಾ ವಿದೇಶಿ ಆಟಗಾರರ ಫೋಟೋ, ಕೈಗೆ ಬಣ್ಣದ ಕರಪತ್ರ, ವರ್ಷಕ್ಕೆ ಅಡಿಕೆ ಫಸಲಿನಷ್ಟು ಫೀಸು. ಬೆಳಿಗ್ಗೆ ಕೋನ್ ಸುತ್ತ ಓಟ, ಸಂಜೆ ಕೋನ್ ಸುತ್ತ ಓಟ. ಮ್ಯಾಚ್ ಯಾವಾಗ ಅಂದ್ರೆ ಮುಂದಿನ ತಿಂಗಳು. ಹುಡುಗ ಫೋನ್‌ನಲ್ಲಿ ಅಳ್ತಿದ್ದ. ವಾಪಸ್ ಕರ್ಕೊಂಡು ಬಂದ್ವಿ, ಕಟ್ಟಿದ ದುಡ್ಡು ಬರಲಿಲ್ಲ.

ಅಣ್ಣಾ, ಹಾಕೋದಾದ್ರೆ ಮೊದಲು ಇದನ್ನ ಕೇಳಿ: ಹೋದ ವರ್ಷ ನಿಮ್ಮ ಹುಡುಗರು ಯಾವ ಲೀಗ್‌ನಲ್ಲಿ, ಎಷ್ಟು ಮ್ಯಾಚ್ ಆಡಿದ್ರು? ಎಐಎಫ್‌ಎಫ್, ಅಂದ್ರೆ ನಮ್ಮ ದೇಶದ ಫುಟ್ಬಾಲ್ ಫೆಡರೇಶನ್, ಅಕಾಡೆಮಿಗಳಿಗೆ ಸ್ಟಾರ್ ಕೊಟ್ಟು ಮಾನ್ಯತೆ ಕೊಡುತ್ತೆ, ಆ ಪಟ್ಟಿಯಲ್ಲಿ ಹೆಸರಿದೆಯಾ? ಫೆಡರೇಶನ್ನಿನ ಯೂತ್ ಲೀಗ್‌ಗೆ ತಂಡ ಇಳಿಸಿದ್ದಾರಾ? ಉತ್ತರ ತಡವರಿಸಿದ್ರೆ ಬಸ್ ಹತ್ತಿ.

ಕೋಟೆ ಮಗ್ಗುಲು
ಇದನ್ನ ಓದಿದ ಮೇಲೆ ನನ್ನ ಕ್ರಿಕೆಟ್ ಮಾತು ವಾಪಸ್ ತಗೊಳಲ್ಲ, ಆದ್ರೆ ಹುಡುಗನಿಗೆ ಮ್ಯಾಚ್ ಬೇಕು ಅನ್ನೋದು ಖರೇ. ನಮ್ಮ ಓಬವ್ವ ಸ್ಟೇಡಿಯಂ ಕಡೆ ಭಾನುವಾರ ಒಂದಷ್ಟು ಹುಡುಗರು ಆಡ್ತಾರೆ, ನನ್ನ ತಮ್ಮನೂ ಇದ್ದಾನೆ.

ಹರಿಹರ ಹಾಫ್‌ಬ್ಯಾಕ್
ಹಾಗಾದ್ರೆ ಮಾತಲ್ಲೇ ಯಾಕೆ ನಿಲ್ಲಿಸ್ಬೇಕು? ದಾವಣಗೆರೆ, ಹರಿಹರ, ದುರ್ಗ, ಚಳ್ಳಕೆರೆ ನಾಲ್ಕು ಕಡೆ 2010-11ರಲ್ಲಿ ಹುಟ್ಟಿದ ಹುಡುಗರಿದ್ದಾರೆ. ಒಬ್ಬರ ಊರಿಗೆ ಒಬ್ಬರು ಹೋಗಿ, ಮನೆಯಲ್ಲೊಂದು ಹೊರಗೊಂದು ಅಂತ ಆಡಿದ್ರೂ ಒಬ್ಬೊಬ್ಬನಿಗೆ ಆರು ಮ್ಯಾಚ್. ಸೋತವರು ಮನೆಗೆ ಹೋಗೋ ಹಾಗಿಲ್ಲ, ಮುಂದಿನ ವಾರ ಮತ್ತೆ ಆಡ್ಬೇಕು. ಬಸ್ ಚಾರ್ಜು, ಬಾಳೆಹಣ್ಣು, ನೀರು, ಇಷ್ಟೇ ಖರ್ಚು.

ಲ್ಯಾಬ್ ಕೋಟು
ಫಸ್ಟ್ ಏಡ್ ಡಬ್ಬಿ ಮತ್ತೆ ಐಸ್ ನಂದು. ಮಣ್ಣಿನ ಗ್ರೌಂಡ್‌ಗೆ ಉದ್ದ ಸ್ಟಡ್ ಬೂಟು ಹಾಕಿಸ್ಬೇಡಿ, ಹಿಮ್ಮಡಿ ನೋವು ಬರುತ್ತೆ. ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿ ಇರೋ ಟರ್ಫ್ ಶೂ ಸಾಕು.

ಗೋಲ್‌ಕೀಪರ್ ಅಕ್ಕ
ಹುಡುಗಿಯರ ಮ್ಯಾಚ್ ಕೂಡ ಅದೇ ದಿನ ಇಟ್ಕೊಳ್ಳಿ, ಏಳು-ಏಳು ಜನ ಆದ್ರೂ ಸರಿ. ದಾವಣಗೆರೆ ಟೀಮ್ ಸೇರಿಸೋದು ನನ್ನ ಜವಾಬ್ದಾರಿ.

ನಿವೃತ್ತ ಪಿಟಿ ಮೇಷ್ಟ್ರು
ರೆಫರಿ ಮಾಡೋಕೆ ನಾನು ಬರ್ತೀನಿ. ಒಂದು ಷರತ್ತು, ಪ್ರತಿ ಹುಡುಗನೂ ಆಧಾರ್, ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ಮೂರರ ಜೆರಾಕ್ಸ್ ತರಬೇಕು. ಯಾರು ಗೋಲು ಹೊಡೆದ್ರು, ಯಾರು ಎಷ್ಟು ನಿಮಿಷ ಆಡಿದ್ರು ಎಲ್ಲಾ ಪುಸ್ತಕದಲ್ಲಿ ಬರೀಬೇಕು.

ಚಳ್ಳಕೆರೆ ಸ್ಟಾಪರ್
ಚಳ್ಳಕೆರೆಯಿಂದ ಹದಿಮೂರು ಹುಡುಗರು ಗ್ಯಾರಂಟಿ. ನಮ್ಮ ಗ್ರೌಂಡ್‌ನಲ್ಲಿ ಗೋಲ್‌ಪೋಸ್ಟ್ ಇವೆ, ನೆಟ್ ಇಲ್ಲ. ದಾವಣಗೆರೆಯವರ ಹತ್ರ ಹಳೇದು ಇದ್ರೆ ಬರುವಾಗ ತನ್ನಿ.

ಹೈಸ್ಕೂಲ್ ಫೀಲ್ಡ್ ಅಪ್ಪ
ನೆಟ್ ನಾನು ತರ್ತೀನಿ. ಬೆಳಿಗ್ಗೆ ಏಳಕ್ಕೆ ಶುರು ಮಾಡೋಣ, ಹತ್ತರ ಮೇಲೆ ಬಿಸಿಲು.